ಗಾದಿ ತೆಗೆಸುವ ಡಾಕ್ಟರ್ ಸಾಹೇಬರು

ಹಳೇ ಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ ಅವರ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅರಳೆಯ ಗಾದಿ ಹೊಲಿಯುವವನ ಮಗ ಡಾಕ್ಟರನಾದ. ಅಪ್ಪನ ಕಸುಬಿನ ನಾಚಿಕೆಗೆ ಊರ ಮುದುಕರ ಗಾದಿಗಳನ್ನೆಲ್ಲ ಕಿತ್ತು ಹಾಕಿಸಿದ. ಕಡೆಗೆ ಲಕ್ವಾ ಹೊಡೆದು, ಅಣ್ಣ ಹೊಲಿದ ಗಾದಿಯ ಮೇಲೆಯೇ ಪ್ರಾಣ ಬಿಟ್ಟ. ಇಷ್ಟು ಹೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನೋಡ್ರಿ, ದೇವರ ಆಟ ಹೆಂಗ ಇರತೈತಿ" ಎಂದು ಷರಾ ಬರೆಯುತ್ತಾರೆ.

ಈ ಕತೆಯನ್ನು ನಾನು ಒಪ್ಪುವುದಿಲ್ಲ. ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದು ಬಹಳವಿಲ್ಲ, ಆದರೆ ಒಂದು ಕಲಿತೆ: ಅಂಗಿಯಂತೆ ಮೈಗೆ ಒಪ್ಪವಾಗಿ ಕೂತ ಕತೆಯನ್ನು ಕಂಡರೆ ಮೊದಲು ದರ್ಜಿ ಯಾರು ಎಂದು ಕೇಳಬೇಕು. ಈ ಕತೆಗೆ ದರ್ಜಿಗಳು ಬಹಳ ಮಂದಿ. ಅವರಲ್ಲಿ ಒಬ್ಬರೂ ಮಧ್ಯಾಹ್ನದ ಹೊತ್ತು ಆ ಓಣಿಗೆ ಹೋಗಿ ಕೂತವರಲ್ಲ. ನಾನು ಕೂತಿದ್ದೇನೆ. ಕೂತದ್ದೇ ಸಾಕ್ಷಿಯೇ ಎಂದು ನನ್ನನ್ನೇ ಯಾರಾದರೂ ಕೇಳಬಹುದು. ಕೇಳಲಿ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬಂತೆಂದರೆ "ಓ, ಅವರಾ" ಎಂದು ಮತ್ತೆ ಅದೇ ಕತೆ ಶುರುವಾಗುತ್ತದೆ. ನಮಗೆಲ್ಲ ಅವರು ಡಾಕ್ಟರ್ ಸಾಹೇಬರು, ಅಷ್ಟೇ.

ಅರಳೆ ಹಿಂಜುವವರ ಓಣಿಯಲ್ಲಿ ಅವರ ದವಾಖಾನೆ. ದವಾಖಾನೆ ಎಂದರೆ ಒಂದು ಕೋಣೆ. ಗೋಡೆಯ ಆಚೆಗೆ ಅವರ ಅಣ್ಣನ ಗಾದಿ ಅಂಗಡಿ. ಅಣ್ಣ ಮೊಣಕಾಲೂರಿ ಕೂತು, ತಲೆಯ ಮೇಲಿಂದ ತೂಗುಬಿಟ್ಟ ದೊಡ್ಡ ಬಿಲ್ಲಿನ ನರವನ್ನು ಮರದ ಕೊಡತಿಯಿಂದ ಹೊಡೆಯುತ್ತಿದ್ದರೆ, ಗಂಟುಗಂಟಾದ ಅರಳೆ ಬಿಚ್ಚಿಕೊಂಡು ಗಾಳಿಗೆ ಏಳುತ್ತಿತ್ತು. ಝುಂಯ್ ಎಂಬ ಆ ನಾದ ಗೋಡೆ ದಾಟಿ ಬಂದು ದವಾಖಾನೆಯ ಬಾಟಲಿಗಳಲ್ಲಿ ಸಣ್ಣಗೆ ನಡುಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಓಣಿಯ ತುಂಬ ಎಳೆಎಳೆ ಅರಳೆ ತೇಲುತ್ತಿತ್ತು. ಅದು ಎಲ್ಲಿಂದಲೂ ಬೀಳುತ್ತಿರಲಿಲ್ಲ, ಎಲ್ಲಿಯೂ ಇಳಿಯುತ್ತಿರಲಿಲ್ಲ. ಬಿಸಿಲೂ ಅಲ್ಲಿ ಊಟ ಮಾಡಿದವರ ಹಾಗೆ ಮೆಲ್ಲಗೆ ನಡೆಯುತ್ತಿತ್ತು. ಆ ಓಣಿಗೆ ಹೊಕ್ಕರೆ ನನ್ನಂಥವಳಿಗೂ ವಾದ ಮಾಡುವ ಮನಸ್ಸು ಅರ್ಧ ಕರಗಿ ಹೋಗುತ್ತಿತ್ತು.

ಬೆಳಿಗ್ಗೆ ಅವರಲ್ಲಿ ಎಲ್ಲರಂತೆ ಜ್ವರ, ಕೆಮ್ಮು, ಮಕ್ಕಳ ಹೊಟ್ಟೆನೋವು. ಊಟದ ಮೇಲೆ ಮಾತ್ರ ಮುದುಕರು. ಉಳಿದ ಡಾಕ್ಟರರು ನಕ್ಕರು. ವಯಸ್ಸು ರೋಗವಲ್ಲ, ಅದಕ್ಕೆ ಮದ್ದಿಲ್ಲ ಎಂದರು. ಸಾಹೇಬರೂ ಅದನ್ನೇ ಹೇಳುತ್ತಿದ್ದರು, ಆದರೆ ಬೇರೆ ಅರ್ಥದಲ್ಲಿ. "ವಯಸ್ಸು ರೋಗ ಅಲ್ರಿ. ಹಂಗಾದ್ರ ಮುದುಕರಿಗೆ ರೋಗ ಬಂದಾಗ ವಯಸ್ಸು ಅಂತ ಯಾಕ ಕೈ ಬಿಡ್ತೀರಿ?"

ಕೋಣೆಯ ಮೂಲೆಯಲ್ಲಿ ನೀರು ತುಂಬಿದ ಒಂದು ಮಣ್ಣಿನ ಹರವಿ, ಅದರ ಮೇಲೆ ತಂಬಿಗೆ. ಬಾಗಿಲ ಹೊರಗೆ ಒಂದು ಕಣಗಿಲೆ ಗಿಡ. ಬಂದವರ ನಾಡಿ ಹಿಡಿಯುವ ಮೊದಲು ಅವರನ್ನು ತಗ್ಗಾದ ಮಣೆಯ ಮೇಲೆ ಕೂರಿಸಿ, ಜೋಳದ ಬೆಳೆ, ಸೊಸೆಯ ಕೈ ಅಡುಗೆ ಎಂದು ನಾಲ್ಕು ಮಾತಾಡಿ, ಆಮೇಲೆ, "ಅಜ್ಜಾರ, ಆ ಗಿಡಕ್ಕ ಒಂದ ತಂಬಿಗಿ ನೀರ ಹಾಕಿ ಬರ್ತೀರೇನ್ರಿ?" ಎನ್ನುತ್ತಿದ್ದರು. ಅದೇ ಅವರ ತಪಾಸಣೆ.

ಮೊದಮೊದಲು ನೀರು ತೆಗೆದುಕೊಂಡು ಕುಡಿಯಿರಿ ಎನ್ನುತ್ತಿದ್ದರಂತೆ. ನಮ್ಮ ಹಿರಿಯರು ಅವರ ಕೈಯ ಮದ್ದು ನುಂಗುತ್ತಾರೆ, ಮುಸಲ್ಮಾನರೆಂದು ಅವರ ಹರವಿಯ ನೀರು ಕುಡಿಯುವುದಿಲ್ಲ. ಸಾಹೇಬರು ಯಾರ ಮೇಲೂ ಸಿಟ್ಟಾಗಲಿಲ್ಲ, ಒಂದು ಗಿಡ ನೆಟ್ಟರು.

"ಮದ್ದಿನ ಬಾಟ್ಲ್ಯಾಗೂ ನಿಮ್ಮ ಹರವಿ ನೀರ ಇರತೈತೆಲ್ರಿ?" ಎಂದು ನಾನೊಮ್ಮೆ ಕೆಣಕಿದೆ.

"ಇರತೈತಿ. ಅದಕ್ಕ ಬಣ್ಣಾ ಹಾಕಿರ್ತೇನಿ" ಎಂದರು.

ಮುದುಕರು ಏಳುವಾಗ ಅವರು ನೋಡುತ್ತಿದ್ದದ್ದು ಇಷ್ಟು: ಕೈ ಮೊದಲು ಎಲ್ಲಿಗೆ ಹೋಗುತ್ತದೆ, ನೆಲಕ್ಕೋ ಮೊಣಕಾಲಿಗೋ. ನಡೆಯುವಾಗ ತಂಬಿಗೆಯಿಂದ ಚೆಲ್ಲಿದ ನೀರು ನೆಲದ ಮೇಲೆ ಎಂಥ ಗೆರೆ ಬರೆಯುತ್ತದೆ, ನೆಟ್ಟಗೋ, ಒಂದೇ ಕಡೆಗೋ, ನಡುವೆ ನಿಂತು ನಿಂತು ಚುಕ್ಕೆಯಾಗಿಯೋ. ಆದರೆ ಎಲ್ಲಕ್ಕಿಂತ ಮುಂಚೆ ಅವರು ನೋಡುತ್ತಿದ್ದದ್ದು ಮುಖ.

"ಏಳೂಕಿಂತ ಮೊದಲ ಯಾರ ಮಾರಿ ನೋಡ್ತಾರ, ಅದನ್ನ ನೋಡ್ಬೇಕ್ರಿ ವಕೀಲವ್ವ." ನನ್ನ ವಾದದ ಚಟ ನೋಡಿ ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಜೋಡಿ ಬಂದ ಮಗನ ಮಾರಿ ನೋಡಿದರಂದ್ರ ಅಪ್ಪಣಿ ಕೇಳಾಕತ್ತಾರ ಅಂತ ತಿಳೀರಿ. ಕಾಲಿಗೇನೂ ಆಗಿರೂದಿಲ್ಲ. ಮನ್ಯಾಗ ಯಾರೋ ಬ್ಯಾಡ ಅಂದಿರ್ತಾರ."

ನೆಲದ ಮೇಲಿನ ಆ ಗೆರೆಯನ್ನು ಅವರು ತಲೆ ಒಂದು ಕಡೆಗೆ ವಾಲಿಸಿ ಬಹಳ ಹೊತ್ತು ನೋಡುತ್ತಿದ್ದರು. ಹುಬ್ಬಳ್ಳಿಯ ಬಿಸಿಲಿಗೆ ಅದು ನೋಡನೋಡುತ್ತಲೇ ಅಂಚಿನಿಂದ ಒಣಗುತ್ತ ಬಂದು, ಕಡೆಗೆ ನಡುವಿನ ಒಂದು ಹನಿಯಾಗಿ, ಅದೂ ಇಲ್ಲವಾಗುತ್ತಿತ್ತು. ಒಣಗುವ ಸಾಕ್ಷಿಯನ್ನು ಯಾವ ಕೋರ್ಟು ಒಪ್ಪುತ್ತದೆ ಎಂದು ನಾನು ಕೇಳಿದ್ದಕ್ಕೆ, "ಒಣಗೂತನಕ ನೀವು ಎಲ್ಲಿ ನೋಡಾಕತ್ತಿದ್ರಿ?" ಎಂದು ತಿರುಗಿ ಕೇಳಿದರು.

ಅವರು ನಮ್ಮ ಮನೆಗೆ ಬಂದದ್ದು ಅಜ್ಜಿಯ ಕಾರಣಕ್ಕೆ. ನಮ್ಮದು ಅರಳೆಯ ದಲಾಲಿ ಅಂಗಡಿ. ಅಜ್ಜಿ, ಅಂದರೆ ನಮ್ಮ ಅಪ್ಪನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬು ಮುರಿದಿರಲಿಲ್ಲ. ಆದರೂ ಮನೆಯಲ್ಲಿ ಹಿರಿಯರು ಬಿದ್ದರೆಂದರೆ ನಮ್ಮಲ್ಲಿ ಒಂದು ಪದ್ಧತಿ: ಸುಗ್ಗಿಯ ಮೊದಲ ಅರಳೆಯನ್ನು ಅಂಗಡಿಗೆ ಕಳಿಸದೆ ತೆಗೆದಿಟ್ಟು, ಅದರಿಂದ ಗಾದಿ ಹೊಲಿಸಿ ಹಾಸುತ್ತಾರೆ. ಅದು ಮರ್ಯಾದೆ. ಆ ಗಾದಿ ಎಷ್ಟು ದಪ್ಪವೋ ಮಗನ ಪ್ರೀತಿ ಅಷ್ಟು ಎಂದು ಓಣಿಯ ಹೆಂಗಸರು ಕೈಯಿಂದ ಒತ್ತಿ ನೋಡಿ ಹೋಗುತ್ತಾರೆ. ಅಪ್ಪ ಹೊಲಿಸಿದ ಗಾದಿಯಲ್ಲಿ ಕೈ ಒತ್ತಿದರೆ ಮೊಣಕೈವರೆಗೆ ಇಳಿಯುತ್ತಿತ್ತು. ಹೊಲಿದವರು ಸಾಹೇಬರ ಅಣ್ಣನೇ.

ಅಜ್ಜಿ ಅದರಲ್ಲಿ ಇಳಿದರು. ಬರಬರುತ್ತ ಮುಖವೊಂದೇ ಮೇಲೆ ಕಾಣುತ್ತಿತ್ತು. ಅವ್ವ ಅನ್ನ ಕಲಸಿ ಬಾಯಿಗಿಟ್ಟಳು, ತಲೆ ಬಾಚಿದಳು, ಮಲಗಿದಲ್ಲಿಯೇ ಲಿಂಗಪೂಜೆಗೆ ಎಲ್ಲ ಅಣಿ ಮಾಡಿಕೊಟ್ಟಳು. ಅಜ್ಜಿ ಮೊದಲು ಮಾತು ಕಡಿಮೆ ಮಾಡಿದರು, ಆಮೇಲೆ ಊಟ. ಆಮೇಲೆ ಮಧ್ಯಾಹ್ನಗಳಲ್ಲಿ ಕಣ್ಣು ಅರ್ಧ ಮುಚ್ಚಿ ಎಂದೋ ತೀರಿಹೋದ ತಂಗಿಯ ಜೊತೆ ಮಾತಾಡತೊಡಗಿದರು. "ನೀರ ಭಾಳ ತಣ್ಣಗೈತಿ, ಇಳೀಬ್ಯಾಡ" ಎನ್ನುವರು. ಯಾವ ನೀರು, ಯಾವ ಹಳ್ಳ, ನಮಗೆ ತಿಳಿಯದು. ಕೋಣೆಯಲ್ಲಿ ಆ ನೀರಿನ ತಂಪು ಇದ್ದಂತೆ ಅನಿಸಿ ನಾವು ಬಾಗಿಲಲ್ಲೇ ನಿಲ್ಲುತ್ತಿದ್ದೆವು. ಬಂದವರೆಲ್ಲ "ವಯಸ್ಸಾತು, ಇನ್ನೇನು" ಎಂದರು. ಅಪ್ಪನೂ ಹಾಗೆಯೇ ಎಂದುಕೊಂಡ. ಬೆನ್ನಿಗೆ ಹುಣ್ಣಾಗಿತ್ತು, ಅದಕ್ಕೊಂದು ಮುಲಾಮು ಕೊಡಲಿ ಎಂದು ಸಾಹೇಬರನ್ನು ಕರೆಸಿದ, ಅಷ್ಟೇ.

ಸಾಹೇಬರು ಮುಲಾಮು ಕೊಟ್ಟು, ಗಾದಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಛಲೋ ಅರಳಿ. ತಗಸರಿ ಇದನ್ನ" ಎಂದರು.

ಅಪ್ಪನಿಗೆ ಅರ್ಥವಾಗಲಿಲ್ಲ. ಆದಾಗ ಮುಖ ಕೆಂಪಾಯಿತು. "ಏನಂತೀರಿ ಸಾಹೇಬ್ರ? ನಾಳಿ ಓಣಿ ಮಂದಿ ಏನಂದಾರು? ಅರಳಿ ದಲಾಲಿ ಮನ್ಯಾಗ ಹಡದ ತಾಯಿಗೆ ಒಂದು ಗಾದಿ ಗತಿ ಇಲ್ಲೇನು ಅಂದಾರು."

"ಅಂತಾರ್ರಿ. ಅನ್ನಲಿ. ಇವರು ಎದ್ದು ಕುಂದರಬೇಕು, ನಡೀಬೇಕು. ಪೂಜಿ ಅಗ್ಗಣಿ ಮೊದಲ ಯಾರ ತರ್ತಿದ್ರು?"

ಅಗ್ಗಣಿ ಎಂದರೆ ನಮ್ಮಲ್ಲಿ ಲಿಂಗಪೂಜೆಗೆ ತರುವ ಹೊಸ ನೀರು. ಬೀಳುವ ದಿನದವರೆಗೂ ಅಜ್ಜಿ ಅದನ್ನು ಹಿತ್ತಲ ಬಾವಿಯಿಂದ ತಾವೇ ತರುತ್ತಿದ್ದರು, ಬೇರೆಯವರು ತಂಬಿಗೆ ಮುಟ್ಟುವಂತಿರಲಿಲ್ಲ. ಅವ್ವ ಅದನ್ನು ಹೇಳಿದಳು, ಹೇಳಿ ಹೆದರಿದಳು. "ಮುದುಕಿ ಕಡೆ ನೀರ ತರಸ್ತಾಳ ಅಂತ ನನ್ನ ಹೆಸರ ಹಾಳಾಗತೈತ್ರಿ" ಎಂದಳು. ಅದು ಸುಳ್ಳಲ್ಲ. ಮಗನ ಗಾದಿಗೆ ಹೊಗಳಿಕೆ ಮಗನಿಗೆ. ಗಾದಿ ತೆಗೆದರೆ ಬೈಗುಳ ಸೊಸೆಗೆ.

ನಾನು ಆಗ ನಡುವೆ ಬಿದ್ದೆ. "ಸಾಹೇಬ್ರ, ಎಬ್ಬಿಸಿದ್ರ ಛಲೋ ಆಗತೈತಿ ಅನ್ನಾಕ ಪುರಾವೆ ಏನೈತ್ರಿ?"

ಅವರು ನನ್ನ ಕಡೆ ಮೊದಲ ಸಲ ತಿರುಗಿ ನೋಡಿದರು. ಮುಂಬಯಿಯಲ್ಲಿ ಕಲಿಯುವಾಗ ಒಂದು ಧರ್ಮದ ಆಸ್ಪತ್ರೆಯಲ್ಲಿ ಮುದುಕರ ವಾರ್ಡಿತ್ತಂತೆ. ಎಲ್ಲರೂ ಮಲಗಿದವರೇ. ಕೆಲವರು ಸ್ವಭಾವತಃ ಒಳ್ಳೆಯವರು, ಆಳುಗಳಿಗೆ ಅವರ ಮೇಲೆ ಪ್ರೀತಿ. ನೀರು, ಗಂಜಿ, ಎಲ್ಲ ಹಾಸಿಗೆಗೇ ಬರುತ್ತಿತ್ತು. ಕೆಲವರು ಸಿಡುಕರು, ಜಗಳಗಂಟರು. ಅವರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ, ಬೈಯುತ್ತ ಬೈಯುತ್ತ ಅವರೇ ಎದ್ದು ಹೋಗುತ್ತಿದ್ದರು. "ಪ್ರೀತಿ ಪಡದೋರು ಮೊದಲ ಹೋದ್ರು ತಂಗಿ. ಜಗಳಗಂಟರು ಉಳದ್ರು."

"ಅದು ಉಲ್ಟಾನೂ ಇರಬಹುದಲ್ರಿ" ಎಂದೆ. "ಗಟ್ಟಿ ಇದ್ದೋರ ಎದ್ದು ಜಗಳಾ ಮಾಡಿರ್ತಾರ. ಸಾಯೋರು ಸುಮ್ಮನ ಬಿದ್ದಿರ್ತಾರ. ಎದ್ದಿದ್ದಕ್ಕ ಉಳದ್ರೋ, ಉಳಿಯೋರಿದ್ದಿದ್ದಕ್ಕ ಎದ್ರೋ?"

ಯಾವ ಡಾಕ್ಟರಾದರೂ ಇಂಥ ಮಾತಿಗೆ ಮುಖ ಗಂಟಿಕ್ಕುತ್ತಾನೆ. ಅವರ ಮುಖ ಅರಳಿತು. "ಇದ ಪ್ರಶ್ನಿ ನಾನೂ ಕೇಳ್ಕೋಂತ ಬಂದೇನಿ. ಉತ್ತರಾ ಸಿಕ್ಕಿಲ್ಲ. ಎಬ್ಬಿಸಿದೋರು ಬಿದ್ದು ಸತ್ತದ್ದೂ ಐತಿ, ಮುಚ್ಚಿಡೂದಿಲ್ಲ. ಸಿಗೂತನಕ ನೋಡ್ಕೋಂತ ಇರೋದು, ಎಬ್ಬಸ್ಕೋಂತ ಇರೋದು."

ಹೀಗೆ ನಾವು ವಾದದಲ್ಲಿದ್ದಾಗ ಅವರು ಒಂದು ಕೆಲಸ ಮಾಡಿದರು. ನಮ್ಮನ್ನೆಲ್ಲ ಬಿಟ್ಟು, ಗಾದಿಯ ಬದಿಗೆ ನೆಲದ ಮೇಲೆ ಕೂತು, ಅಜ್ಜಿಯ ಕಿವಿಯ ಮಟ್ಟಕ್ಕೆ ಬಾಗಿ, "ಅವ್ವಾರ, ಗಾದಿ ಬೇಕೋ ಬ್ಯಾಡೋ?" ಎಂದು ಕೇಳಿದರು.

ಅಜ್ಜಿ ಕಣ್ಣು ತೆರೆದರು. ತಂಗಿಯ ಹಳ್ಳದಿಂದ ಈ ಕೋಣೆಗೆ ಬರಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ನನ್ನ ಕೇಳಾಕತ್ತಿಯೇನಪಾ?"

"ನಿಮ್ಮನ್ನ ಕೇಳಾಕತ್ತೇನ್ರಿ."

"ಬಾವ್ಯಾಗ ಇದ್ದಂಗ ಆಗೇತಿ" ಎಂದರು ಅಜ್ಜಿ. "ಮ್ಯಾಲ ಎಲ್ಲಾರೂ ಬಗ್ಗಿ ನೋಡ್ತಾರ. ಒಬ್ಬರೂ ಹಗ್ಗಾ ಬಿಡವಲ್ರು."

ಅಪ್ಪ ಎದ್ದು ಹೋಗಿ ಹೊರಗೆ ಜಗಲಿಯ ಮೇಲೆ ಕೂತ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಗಾದಿ ಸುತ್ತಿದವರು ನಾನು ಮತ್ತು ಅವ್ವ. ಕೆಳಗೆ ಒಂದು ಜಮಖಾನೆ, ಕಂಬಳಿ, ಅಷ್ಟೇ ಉಳಿಯಿತು.

ಅಜ್ಜಿ ಎದ್ದದ್ದು ಒಂದೇ ದಿನದಲ್ಲಲ್ಲ. ಎದ್ದ ಕೂಡಲೇ ತಲೆ ತಿರುಗುತ್ತಿತ್ತು. ಅದಕ್ಕೆ ಸಾಹೇಬರು ಒಂದು ಉಪಾಯ ಹೇಳಿಕೊಟ್ಟರು. ಮಗ್ಗುಲಾಗಿ ಎದ್ದು, ಕಾಲು ಚಾಚಿ ಕೂತು, ತಕ್ಷಣ ನಿಲ್ಲಬಾರದು. "ಕುಂತಲ್ಲೇ ಯಾರಿಗರೆ ಒಂದಿಷ್ಟು ಬೈರಿ. ಮನಸ್ಸು ತುಂಬ ಬೈರಿ. ಬೈದು ಮುಗದ ಮ್ಯಾಲ ನಿಂದರ್ರಿ. ಅಷ್ಟರಾಗ ರಕ್ತ ತಲಿಗೆ ಏರಿರತೈತಿ." ಅಜ್ಜಿಗೆ ಇಂಥ ಮದ್ದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಬೆಳಗ್ಗೆ ಬೆಳಗ್ಗೆ ಅವ್ವನ ತವರಿನ ಸಮಸ್ತರಿಗೂ ಮಂಗಳಾರತಿ ಆಗತೊಡಗಿತು. ಎದುರು ಮನೆಯವರು ಓಡಿ ಬಂದು, "ಏನಾತ್ರಿ, ಮುದುಕಿಗೆ ಮತ್ತ ಜೀವಾ ಬಂತೇನು?" ಎಂದರು. ಅವ್ವ ಒಲೆಯ ಮುಂದೆ ಬೈಗುಳ ಕೇಳುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಹೊಗೆ ಇರಬಹುದು. ನಾನು ಪ್ರಮಾಣ ಮಾಡಿ ಹೇಳಲಾರೆ.

ಒಂದು ಮುಂಜಾನೆ ಅಜ್ಜಿ ಗೋಡೆ ಹಿಡಿದು ಹಿತ್ತಲಿಗೆ ಹೋದರು. ಬಾವಿಯ ನೀರು ಅವ್ವ ಸೇದಿ ಕಟ್ಟೆಯ ಮೇಲಿಟ್ಟಳು, ತಂಬಿಗೆ ತುಂಬಿಕೊಂಡವರು ಅಜ್ಜಿ. ಮರಳಿ ಬರುವಾಗ ಅರ್ಧ ಚೆಲ್ಲಿತು. ಅಂಗಳದ ಕಲ್ಲಿನ ಮೇಲೆ ಹಿತ್ತಲಿನಿಂದ ಪೂಜೆಯ ಮಣೆಯವರೆಗೆ ಒಂದು ಒದ್ದೆ ಗೆರೆ ಬಂತು, ಅಲ್ಲಲ್ಲಿ ಡೊಂಕಾಗಿ, ಒಂದು ಕಡೆ ಗುಂಡಗೆ ಹರಡಿ; ಅಲ್ಲಿ ಅಜ್ಜಿ ನಿಂತು ಉಸಿರು ತೆಗೆದುಕೊಂಡಿದ್ದರು. ಅಪ್ಪ ಅಂಗಡಿಗೆ ಹೊರಟವನು ಅದನ್ನು ತುಳಿಯದೆ, ಹಾವನ್ನೋ ರಂಗೋಲಿಯನ್ನೋ ದಾಟಿದ ಹಾಗೆ ಕಾಲೆತ್ತಿ ದಾಟಿಹೋದ. ಬಿಸಿಲು ಏರಿದ ಮೇಲೂ ನಾನು ಅಲ್ಲಿ ಕೂತು ಅದು ಒಣಗುವುದನ್ನು ನೋಡಿದೆ. ಈ ಸಲ ಕಣ್ಣು ತೆಗೆಯಲಿಲ್ಲ. ಅಜ್ಜಿ ಅದಾದ ಮೇಲೆ ಹಲವು ಸುಗ್ಗಿ ಕಂಡರು. ಕಡೆಗೆ ಒಂದು ಚಳಿಜ್ವರದಲ್ಲಿ, ಬೈಯುತ್ತಲೇ, ಹೆಚ್ಚು ನರಳದೆ ಹೋದರು.

ಇನ್ನು ಆ ನಾಚಿಕೆಯ ಮಾತು. ಸಾಹೇಬರಿಗೆ ಅಪ್ಪನ ಕಸುಬಿನ ನಾಚಿಕೆ ಎನ್ನುವವರು ನನ್ನ ಜೊತೆ ಒಂದು ಮಧ್ಯಾಹ್ನ ಆ ಗಾದಿ ಅಂಗಡಿಗೆ ಬರಬೇಕಿತ್ತು. ರಜೆಯಲ್ಲಿ ಧಾರವಾಡದಿಂದ ಬಂದಾಗ ನಾನು ಅಲ್ಲಿಗೆ ಹೋಗದೆ ಇರುತ್ತಿರಲಿಲ್ಲ. ಮುದುಕರೆಲ್ಲ ಹೋದ ಮೇಲೆ ಸಾಹೇಬರು ಅಣ್ಣನ ಅಂಗಡಿಯಲ್ಲಿ, ಹಿಂಜಿ ಗುಡ್ಡೆ ಹಾಕಿದ ಅರಳೆಯ ಮೇಲೆ ಅಂಗಾತ ಬಿದ್ದುಕೊಂಡಿರುತ್ತಿದ್ದರು. ಕೋಟಿನ ತುಂಬ ಎಳೆ. ಹುಬ್ಬಿನ ಮೇಲೂ ಎಳೆ. ಕಣ್ಣು ಮುಚ್ಚಿ ಬಿಲ್ಲಿನ ನಾದ ಕೇಳುತ್ತ, ನಿದ್ದೆಯೋ ಎಚ್ಚರವೋ ತಿಳಿಯದಂತೆ, ಸಣ್ಣವರಿದ್ದಾಗ ಅಪ್ಪ ಬಿಲ್ಲು ಹೊಡೆಯುವಾಗ ಇದೇ ಗುಡ್ಡೆಯಲ್ಲಿ ತಾವು ಮೋಡದೊಳಗೆ ಇದ್ದೇನೆ ಎಂದುಕೊಳ್ಳುತ್ತಿದ್ದದ್ದನ್ನು ಹೇಳುತ್ತಿದ್ದರು. ನಾಚಿಕೆಯವರು ಮೋಡದ ಮಾತಾಡುವುದಿಲ್ಲ.

"ಊರ ಮಂದಿ ಗಾದಿ ತಗಸಿ ತಾವು ಅರಳ್ಯಾಗ ಮಕ್ಕೊಂಡೀರಲ್ರಿ?" ಎಂದೆ ಒಮ್ಮೆ.

"ಗಾದಿ ನಿದ್ದಿಗೆ ಐತಿ ವಕೀಲವ್ವ. ವಯಸ್ಸಿಗೆ ಅಲ್ಲ." ಪಕ್ಕದಿಂದ ಒಂದು ಹಿಡಿ ಅರಳೆ ಎತ್ತಿ, "ಹಳೇ ಅರಳಿ ನೋಡ್ರಿ. ಎಷ್ಟ ಹಿಂಜಿದ್ರೂ ಹೊಸಾದು ಆಗೂದಿಲ್ಲ. ಹಗುರ ಆಗತೈತಿ. ನನಗ ಅಷ್ಟ ಸಾಕು."

"ಇದು ಹೋಲಿಕಿ ಆತ್ರಿ, ಪುರಾವೆ ಆಗಲಿಲ್ಲ."

"ಖರೇ" ಎಂದು ಕಣ್ಣು ಮುಚ್ಚಿಯೇ ನಕ್ಕರು.

ಅಣ್ಣ ತಮ್ಮಂದಿರಿಗೆ ವೈರ, ತಮ್ಮ ಅಣ್ಣನ ಅನ್ನ ಕಿತ್ತ ಎಂದೂ ಹೇಳುತ್ತಾರೆ. ಅದಕ್ಕೆ ಅಣ್ಣನೇ ಅಂದು ಬಿಲ್ಲು ನಿಲ್ಲಿಸಿ ಉತ್ತರ ಕೊಟ್ಟಿದ್ದರು. "ಸತ್ತೋರ ಗಾದಿ ಮಂದಿ ದಾನಾ ಕೊಟ್ಟ ಬಿಡ್ತಾರ, ಬೇಟಿ. ಅದು ಮತ್ತ ನನ್ನ ಅಂಗಡಿ ಕಾಣೂದಿಲ್ಲ. ಬದುಕಿದೋರ ಗಾದಿ ವರ್ಷಾ ಹಿಂಜಾಕ ಬರತೈತಿ. ನನ್ನ ತಮ್ಮ ನನಗ ಗಿರಾಕಿ ಹಚ್ಚಾನ, ಕಡಿಮಿ ಮಾಡಿಲ್ಲ." ಇದಕ್ಕಿಂತ ಗಟ್ಟಿ ವಾದವನ್ನು ನಮ್ಮ ಚರ್ಚಾಕೂಟದಲ್ಲಿ ನಾನು ಕೇಳಿಲ್ಲ.

ಉಳಿದದ್ದು ಕತೆಯ ಕೊನೆ. ಅದರಲ್ಲಿ ನನ್ನ ಎದುರು ಪಕ್ಷಕ್ಕೆ ಬಲವಿದೆ, ಒಪ್ಪುತ್ತೇನೆ. ಈ ವರ್ಷ ಮಳೆಗಾಲಕ್ಕೆ ಮುಂಚೆ ಸಾಹೇಬರಿಗೆ ಲಕ್ವಾ ಹೊಡೆಯಿತು. ಎಡಭಾಗ ಬಿತ್ತು, ಮಾತು ಮುದ್ದೆಯಾಯಿತು. ಹೆಂಡತಿ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ನೋಡಿಕೊಂಡವರು ಅಣ್ಣನೇ. ಅಣ್ಣ ಅಂಗಡಿ ಮುಚ್ಚಿ ಒಂದು ಗಾದಿ ಹೊಲಿದರು. ಅಂಥ ಗಾದಿಯನ್ನು ಅವರು ಜನ್ಮದಲ್ಲಿ ಹೊಲಿದಿರಲಿಲ್ಲವೆಂದು ಓಣಿಯವರು ಹೇಳುತ್ತಾರೆ, ಇದೊಂದನ್ನು ನಾನೂ ನಂಬುತ್ತೇನೆ. ದವಾಖಾನೆಯ ಕೋಣೆಯಲ್ಲಿಯೇ ಅದನ್ನು ಹಾಸಿದ್ದರು.

ನಾನು ಹೋದಾಗ ಸಾಹೇಬರು ಅದರಲ್ಲಿ ಇಳಿದಿದ್ದರು. ಮುಖ ಒಂದೇ ಮೇಲೆ. ಅಣ್ಣ ಪಕ್ಕದಲ್ಲಿ ಕೂತು, ಗಾದಿಯಲ್ಲಿ ಇಲ್ಲದ ಸುಕ್ಕುಗಳನ್ನು ಅಂಗೈಯಿಂದ ಸರಿಮಾಡುತ್ತಿದ್ದರು. ಬಿಲ್ಲು ಸುಮ್ಮನಿತ್ತು. ಓಣಿಯಲ್ಲಿ ಅರಳೆ ತೇಲುತ್ತಿರಲಿಲ್ಲ. ಅದಿಲ್ಲದೆ ಬಿಸಿಲು ಬರಿದಾಗಿ ಕಂಡಿತು. ಮೂಲೆಯಲ್ಲಿ ಹರವಿ, ಮೇಲೆ ತಂಬಿಗೆ, ಮೊದಲಿನಂತೆಯೇ.

"ಸಾಹೇಬ್ರ, ಎದ್ದು ಕುಂದರ್ತೀರೇನ್ರಿ?" ಎಂದು ಕೇಳಿದೆ.

ಅವರ ಕಣ್ಣು ಹರವಿಯ ಕಡೆ ಹೋಯಿತು. ಅಲ್ಲಿ ನಿಂತಿತು. ಬಲಗೈ ಹೊದಿಕೆಯ ಕೆಳಗೆ ಅಲುಗಿತು, ನೆಲಕ್ಕೋ ಮೊಣಕಾಲಿಗೋ ನನಗೆ ಕಾಣಲಿಲ್ಲ. ಆಮೇಲೆ ಅವರು ಅಣ್ಣನ ಮುಖ ನೋಡಿದರು.

"ಬ್ಯಾಡ ಬೇಟಿ, ದಣದಾನ" ಎಂದರು ಅಣ್ಣ.

ಸಾಹೇಬರು ಕಣ್ಣು ಮುಚ್ಚಿದರು. ಅಂದು ಅವರ ಮುಖದಲ್ಲಿ ಸೋತ ಗುರುತು ನನಗೆ ಕಾಣಲಿಲ್ಲ. ಅಣ್ಣನ ಕೈ ಗಾದಿಯ ಮೇಲೆ ಆಡುತ್ತಿದ್ದದ್ದನ್ನು ಕೇಳಿಸಿಕೊಳ್ಳುತ್ತ ಇದ್ದವರ ಹಾಗಿದ್ದರು, ಮೋಡದೊಳಗೆ ಇದ್ದವರ ಹಾಗೆ. ಬೇಡವೆಂದು ಅವರೇ ಬಿಟ್ಟರೋ, ಅಣ್ಣನ ಪ್ರೀತಿಗೆ ಒಂದು ಸಲ ಜಾಗ ಬಿಟ್ಟರೋ, ಅಥವಾ ಅಪ್ಪಣೆ ಕೇಳಿ ಸಿಗದೆ ಸುಮ್ಮನಾದರೋ. ಮೂರಕ್ಕೂ ನಾನು ವಾದ ಮಾಡಬಲ್ಲೆ. ಯಾವುದಕ್ಕೂ ನನ್ನಲ್ಲಿ ಸಾಕ್ಷಿಯಿಲ್ಲ. ಇದ್ದರೆ ಒಬ್ಬರ ಹತ್ತಿರ ಇದೆ.

ಸಾಹೇಬರ ಮಣ್ಣಾದ ಮೇಲೆ ಕೆಲವು ವಾರ ಬಿಟ್ಟು ಓಣಿಗೆ ಹೋದೆ. ದವಾಖಾನೆಗೆ ಬೀಗ. ಕಣಗಿಲೆ ಗಿಡದ ಬುಡ ಒದ್ದೆಯಾಗಿತ್ತು. ಯಾರೋ ಹಳೆಯ ಅಭ್ಯಾಸದವರು ನೀರು ಹಾಕಿಹೋಗಿರಬೇಕು. ಪಕ್ಕದಲ್ಲಿ ಬಿಲ್ಲಿನ ನಾದ ಮತ್ತೆ ಕೇಳುತ್ತಿತ್ತು. ಅಣ್ಣ ಒಂದು ಗಾದಿಯ ಹೊಲಿಗೆ ಬಿಚ್ಚಿ ಅದರ ಅರಳೆ ಹಿಂಜುತ್ತಿದ್ದರು. ಬಟ್ಟೆ ನೋಡಿ ಗುರುತು ಹಿಡಿದೆ. ಸಾಹೇಬರ ಗಾದಿ. ದಾನ ಕೊಟ್ಟಿರಲಿಲ್ಲ. ಬದುಕಿದವರ ಗಾದಿಯಂತೆ ಬಿಸಿಲಿಗೆ ಹಾಕಿ, ಬಿಡಿಸಿ, ಹಗುರ ಮಾಡುತ್ತಿದ್ದರು. ಅವರ ಗಡ್ಡದ ತುಂಬ, ಹುಬ್ಬಿನ ತುಂಬ ಬಿಳಿ ಎಳೆ. ಅಂಗಡಿಯ ತುಂಬ ಅರಳೆ ಮೆಲ್ಲಗೆ ಮೇಲೇಳುತ್ತಿತ್ತು.

ನಾನು ಹೊಸ್ತಿಲ ಮೇಲೆ ಕೂತೆ. ಅವರು ನನ್ನನ್ನು ಕಂಡರು, ಕೊಡತಿ ನಿಲ್ಲಿಸಲಿಲ್ಲ. ನಾದ ಸ್ವಲ್ಪ ತಗ್ಗಿದಾಗ ಕೇಳಿದೆ:

"ಕಾಕಾ, ಆವತ್ತ ಅವರು ಹರವಿ ನೋಡಿ ನಿಮ್ಮ ಮಾರಿ ನೋಡಿದ್ರಲ್ಲ, ಏನ ಕೇಳಾಕತ್ತಾರ ಅಂತ ನಿಮಗ ತಿಳದಿತ್ತೇನ್ರಿ?"